ಕಡಸುಗಳಿಗೆ ಕೆಮ್ಮು: ಕೊಟ್ಟಿಗೆಗೆಲ್ಲ ಇಂಜೆಕ್ಷನ್ ಬೇಕೇ?

ಪ್ರಶ್ನೆ: ಸಂತೆಯಿಂದ ತಂದ ಎರಡು ಮಿಶ್ರತಳಿ ಕಡಸುಗಳಿಗೆ ವಾರದೊಳಗೆ ಕೆಮ್ಮು, ಸಿಂಬಳ ಕಾಣಿಸಿಕೊಂಡಿದೆ. ಅಮೆರಿಕದಲ್ಲಿ ಇಂಥ ಸಂದರ್ಭದಲ್ಲಿ ಇಡೀ ಹಿಂಡಿಗೇ ಆಂಟಿಬಯೋಟಿಕ್ ಕೊಡುತ್ತಾರೆಂದು ಕೇಳಿದ್ದೇನೆ. ಕರೆಯುವ ನನ್ನ ಆರು ಹಸುಗಳಿಗೂ ಈಗಲೇ ಕೊಡಿಸಲೇ?
— ಹೈನುಗಾರರೊಬ್ಬರು, ಹಾಸನ ಜಿಲ್ಲೆ

ಉತ್ತರ: ಎಲ್ಲ ಹಸುಗಳಿಗೆ ಕೊಡಿಸುವುದು ಬೇಡ. ನೀವು ಕೇಳಿದ್ದು ನಿಜವಾದರೂ ಅಲ್ಲಿನ ಪರಿಸ್ಥಿತಿಯೇ ಬೇರೆ. ಆಗಷ್ಟೇ ತಾಯಿಯ ಹಾಲು ಬಿಡಿಸಿದ ಕರುಗಳನ್ನು ಹಲವು ಸಂತೆಗಳಿಂದ ಕೂಡಿಸಿ, ಲಾರಿಯಲ್ಲಿ ಬಹುದೂರ ಸಾಗಿಸಿ, ಮಾಂಸಕ್ಕಾಗಿ ಬೆಳೆಸುವ ದೊಡ್ಡಿಗಳಲ್ಲಿ ತುಂಬಿದಾಗ, ದಣಿವು ಮತ್ತು ವೈರಸ್ ಸೋಂಕಿನಿಂದ ಅವುಗಳ ರೋಗನಿರೋಧಕ ಶಕ್ತಿ ಕುಗ್ಗುತ್ತದೆ; ಆರೋಗ್ಯವಂತ ದನದ ಮೂಗು, ಗಂಟಲಲ್ಲೂ ಇರಬಹುದಾದ ಮ್ಯಾನ್‌ಹೈಮಿಯಾ, ಪಾಶ್ಚುರೆಲ್ಲಾ ಬ್ಯಾಕ್ಟೀರಿಯಾಗಳು ಆಗ ಶ್ವಾಸಕೋಶಕ್ಕಿಳಿಯುತ್ತವೆ. ಕೆಲವೇ ದಿನಗಳಲ್ಲಿ ಹಲವು ಕರುಗಳು ಒಟ್ಟಿಗೆ ಕಾಯಿಲೆ ಬೀಳುವ ಅಪಾಯವಿರುವುದರಿಂದಲೇ ಟಿಲ್ಮಿಕೋಸಿನ್, ಟುಲಾಥ್ರೋಮೈಸಿನ್‌ನಂಥ ಔಷಧಗಳನ್ನು ಬಂದಿಳಿದ ಗುಂಪಿಗೆಲ್ಲ ಕೊಡುತ್ತಾರೆ. ಇವು ಅಲ್ಲಿಯೂ ಕರೆಯುವ ಹಸುಗಳಿಗೆ ಹೇಳಿದ ಔಷಧಗಳಲ್ಲ. ಮೇಲಾಗಿ, 2023ರ ಜೂನ್‌ನಿಂದ ಮನುಷ್ಯರ ಚಿಕಿತ್ಸೆಗೂ ಮುಖ್ಯವಾದ ಆಂಟಿಬಯೋಟಿಕ್‌ಗಳು ಅಲ್ಲಿ ಪಶುವೈದ್ಯರ ಚೀಟಿಯಿಲ್ಲದೆ ಸಿಗುವುದಿಲ್ಲ.

ನಿಮ್ಮ ಹಸುಗಳು ಅಂಥ ಪ್ರಯಾಣದಿಂದ ಬಳಲಿದವಲ್ಲ. ಕೆಮ್ಮಿನ ಮೂಲ ವೈರಸ್ಸಾಗಿದ್ದರೆ ಆಂಟಿಬಯೋಟಿಕ್ ಅದನ್ನು ಕೊಲ್ಲುವುದೂ ಇಲ್ಲ. ಅನಗತ್ಯವಾಗಿ ಕೊಟ್ಟಷ್ಟೂ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳು ಕೊಟ್ಟಿಗೆಯಲ್ಲಿ ಉಳಿದು ಬೆಳೆಯುತ್ತವೆ.

ಕಡಸುಗಳನ್ನು ಇಂದೇ ಬೇರೆ ಕಟ್ಟಿ, ನೀರು, ಮೇವಿನ ಪಾತ್ರೆಗಳನ್ನೂ ಬೇರೆ ಮಾಡಿ. ಪ್ರತಿದಿನ ಬೆಳಗಿನ ತಂಪು ಹೊತ್ತಿನಲ್ಲಿ ಎಲ್ಲ ದನಗಳ ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟು ಜ್ವರ ನೋಡಿ ಬರೆದಿಡಿ. ಹಸು ಮೇವು ಬಿಡುವ ಮೊದಲೇ ಜ್ವರ ಏರಬಹುದಾದ್ದರಿಂದ ಈ ಕೆಲಸವನ್ನು ಕಡೆಗಣಿಸಬೇಡಿ. ಸಹಜ ತಾಪ ಸುಮಾರು 101.5 ಡಿಗ್ರಿ ಫ್ಯಾರನ್‌ಹೀಟ್. ಅದು 104 ದಾಟಿದರೆ ಅಥವಾ ಉಸಿರಾಟ ಬಿರುಸಾದರೆ ಅದೇ ದಿನ ಪಶುವೈದ್ಯರನ್ನು ಕರೆಸಿ, ಇಲ್ಲವೇ ಪಶುಚಿಕಿತ್ಸೆಯ ಸಹಾಯವಾಣಿ 1962ಕ್ಕೆ ಕರೆ ಮಾಡಿ. ಕಾಯಿಲೆ ಬಿದ್ದ ದನಕ್ಕೆ ಆರಂಭದಲ್ಲೇ ಸರಿಯಾದ ಪ್ರಮಾಣದಲ್ಲಿ, ಹೇಳಿದಷ್ಟು ದಿನ ಔಷಧ ಕೊಡಿಸುವುದರಲ್ಲಿ ಜಿಪುಣತನ ಸಲ್ಲದು. ಗಂಟಲು ಊದಿ ಗೊರಗೊರ ಸದ್ದು ಬಂದರೆ ಗಳಲೆ ರೋಗವಿರಬಹುದು. ಅದು ಗಂಟೆಗಳಲ್ಲೇ ಪ್ರಾಣ ತೆಗೆಯಬಲ್ಲದು, ಆಗ ಜೊತೆಯ ದನಗಳಿಗೆ ಏನು ಮಾಡಬೇಕೆಂಬುದನ್ನೂ ವೈದ್ಯರೇ ನಿರ್ಧರಿಸಲಿ.

ಕೆಮ್ಮುವ ದನಕ್ಕೆ ಗೊಟ್ಟದಲ್ಲಿ ಎಣ್ಣೆ, ಕಷಾಯ ಕುಡಿಸಬೇಡಿ. ಅದು ಶ್ವಾಸನಾಳಕ್ಕಿಳಿದು ಬರುವ ನ್ಯುಮೋನಿಯಾ ಆಂಟಿಬಯೋಟಿಕ್‌ಗೂ ಸುಲಭವಾಗಿ ಬಗ್ಗದು.

ಚಿಕಿತ್ಸೆ ಪಡೆದ ಹಸುವಿನ ಹಾಲನ್ನು ಶೀಶೆಯ ಮೇಲೆ ಹೇಳಿದ ಅವಧಿ ಮುಗಿಯುವವರೆಗೆ ಡೇರಿಗೆ ಹಾಕಬಾರದು, ಮನೆಯಲ್ಲೂ ಬಳಸಬಾರದು; ನಿರ್ದಿಷ್ಟ ಅವಧಿ ಗೊತ್ತುಪಡಿಸದ ಔಷಧಕ್ಕೆ ನಮ್ಮ ದೇಶದ ನಿಯಮದಂತೆ ಕನಿಷ್ಠ 7 ದಿನ. ಇನ್ನು ಮುಂದೆ ಹೊಸ ದನ ತಂದರೆ ಮೂರು ವಾರ ಪ್ರತ್ಯೇಕವಾಗಿ ಕಟ್ಟಿ, ಮಳೆಗಾಲಕ್ಕೆ ಮುನ್ನ ಎಲ್ಲಕ್ಕೂ ಗಳಲೆ ರೋಗದ ಲಸಿಕೆ ಹಾಕಿಸಿ.