ಡಿಕನ್ಸ್‌ನ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ (1861) ಕಾದಂಬರಿಯಲ್ಲಿ ಮಿಸ್ ಹ್ಯಾವಿಶಮ್ ಮನೆಯ ಗಡಿಯಾರಗಳೆಲ್ಲ ಏಕೆ ನಿಂತಿವೆ?
ನಿಲ್ಲಿಸಿದವಳು ಅವಳೇ. ಮದುವೆಯ ದಿನ ಸಿಂಗರಿಸಿಕೊಳ್ಳುತ್ತಿದ್ದಾಗ, ಒಂಬತ್ತಕ್ಕೆ ಇಪ್ಪತ್ತು ನಿಮಿಷವಿರುವಾಗ, ವರ ಕೈಕೊಟ್ಟನೆಂಬ ಪತ್ರ ಬಂತು. ಗಡಿಯಾರಗಳು ಇಂದಿಗೂ ಅದೇ ಹೊತ್ತು ತೋರಿಸುತ್ತವೆ.

ಡಿಕನ್ಸ್ ಅವಳ ಮನಸ್ಸನ್ನು ವಿವರಿಸುತ್ತ ಕೂರುವುದಿಲ್ಲ, ಕೋಣೆಗಳನ್ನು ತೋರಿಸುತ್ತಾನೆ: ಒಂದೇ ಕಾಲಿಗೆ ಷೂ, ಇನ್ನೊಂದು ಮೇಜಿನ ಮೇಲೆ, ಹಳದಿಗಟ್ಟಿದ ಮದುವೆಯ ಉಡುಗೆ, ಜೇಡಗಳು ಓಡಾಡುವ ಮದುವೆಯ ಕೇಕು. ಹಾಗಾಗಿ ಪಾತ್ರ, ಪರಿಸರ, ಸಂಕೇತ ಎಂದು ಬೇರೆಬೇರೆ ನೋಟ್ಸ್ ಮಾಡಿಕೊಂಡರೆ (ಪರೀಕ್ಷೆಗೆ ಬೇಕಾಗಬಹುದು, ಬಿಡಿ) ಒಂದೇ ಮಾತನ್ನು ಮೂರು ಸಲ ಬರೆದಂತಾಗುತ್ತದೆ.

ಕಾಲವನ್ನು ತಡೆದೆನೆಂಬುದು ಅವಳ ಹಟ. ಆದರೆ ಕೇಕು ಕೊಳೆಯುತ್ತಲೇ ಇದೆ, ಉಡುಗೆ ಮಾಸುತ್ತಲೇ ಇದೆ. ಗಡಿಯಾರವನ್ನು ಬರೀ ‘ದುಃಖದ ಸಂಕೇತ’ ಎಂದು ಬರೆದರೆ ಈ ವಿರೋಧವೇ ಕೈತಪ್ಪುತ್ತದೆ.