ಕೈಕಾಲಿಲ್ಲದ ಸೈನಿಕ, ಮುಖವಾಡದ ಮಗ

ಪತ್ರ: ಹೋದ ಸಂಚಿಕೆಯಲ್ಲಿ ನೀವು ಹೆಸರಿಸಿದ್ದ ಜಪಾನಿ ಸಿನಿಮಾ ‘ಕ್ಯಾಟರ್‌ಪಿಲ್ಲರ್’ ಅನ್ನು ಹದಿನಾರು ವರ್ಷದ ಮಗನ ಜೊತೆ ನೋಡಲು ಕೂತೆ. ಇಪ್ಪತ್ತು ನಿಮಿಷಕ್ಕೆ ಆಫ್ ಮಾಡಿದೆ. ಕೈಕಾಲಿಲ್ಲದ ಮನುಷ್ಯನನ್ನು ತೋರಿಸಿ ಹೆದರಿಸುವುದು ಯಾವ ಕಲೆ? ಪತ್ತೇದಾರಿ ಅಂದರೆ ತಲೆಗೆ ಕೆಲಸ ಕೊಡಬೇಕು, ಹೊಟ್ಟೆ ತೊಳಸಬಾರದು. ಇಂಥ ಕಥೆಗಳನ್ನು ಪುಸ್ತಕದಲ್ಲೇ ಬಿಟ್ಟಿದ್ದರೆ ಆಗುತ್ತಿರಲಿಲ್ಲವೇ?
– ಓದುಗರೊಬ್ಬರು, ಶಿವಮೊಗ್ಗ

ಸಂಪಾದಕರ ಉತ್ತರ:

ಮೊದಲು ನಮ್ಮ ತಪ್ಪು ಹೇಳಿಬಿಡುತ್ತೇನೆ. ಆ ಸಿನಿಮಾ ದೊಡ್ಡವರಿಗೆ ಮಾತ್ರ ಎಂದು ಹೆಸರಿನ ಪಕ್ಕದಲ್ಲೇ ಬರೆಯಬೇಕಿತ್ತು. ಬರೆಯಲಿಲ್ಲ. ಮಗನ ಪಕ್ಕ ಕೂತು ನಿಮಗಾದ ಮುಜುಗರಕ್ಕೆ ನಾವೇ ಕಾರಣ, ಕ್ಷಮಿಸಿ.

ಉಳಿದ ಮಾತಿಗೆ ಬರೋಣ. ತಲೆಗೆ ಕೆಲಸ ಕೊಡುವ ಪತ್ತೇದಾರಿಯೇ ಬೇರೆ, ಹೊಟ್ಟೆ ತೊಳಸುವುದೇ ಬೇರೆ ಅಂದಿರಿ. ಜಪಾನಿನವರೂ ಹೀಗೇ ಎರಡು ಪಾಲು ಮಾಡಿದ್ದರು. ಒಗಟು ಬಿಡಿಸುವ ಕಥೆಗೆ ‘ಹೊನ್‌ಕಾಕು’ ಎಂದರು, ದಾರಿ ಬಿಟ್ಟು ವಿಕಾರದ ಕಡೆಗೆ ಹೋಗುವ ಕಥೆಗೆ ‘ಹೆನ್‌ಕಾಕು’ ಎಂದರು. ತಮಾಷೆ ಅಂದರೆ ಅಲ್ಲಿನ ಪತ್ತೇದಾರಿ ಕಥೆಗಾರ ಎಡೊಗಾವ ರಂಪೊ ಎರಡನ್ನೂ ಬರೆದ. ಅವನ ನಿಜವಾದ ಹೆಸರು ಹಿರಾಯ್ ತಾರೊ, ಹುಟ್ಟಿದ್ದು 1894ರಲ್ಲಿ. ಅಮೆರಿಕದ ಕಥೆಗಾರ ಎಡ್ಗರ್ ಆಲನ್ ಪೋ ಹೆಸರನ್ನು ಜಪಾನಿ ನಾಲಿಗೆಯಲ್ಲಿ ಬೇಗ ಬೇಗ ಹೇಳಿ ನೋಡಿ, ಎಡೊಗಾವ ರಂಪೊ ಆಗುತ್ತದೆ. 1923ರಲ್ಲಿ ಅವನು ಮೊದಲು ಅಚ್ಚು ಮಾಡಿಸಿದ ಕಥೆ ಗುಪ್ತಲಿಪಿ ಬಿಡಿಸುವ ಅಪ್ಪಟ ಒಗಟು. ಎರಡೇ ವರ್ಷಕ್ಕೆ, ಕುರ್ಚಿಯೊಳಗೆ ಬಚ್ಚಿಟ್ಟುಕೊಂಡು ತನ್ನ ಮೇಲೆ ಕೂರುವವರನ್ನು ಚರ್ಮದ ಮೂಲಕ ಮುಟ್ಟುವ ಬಡಗಿಯ ಕಥೆ ಬರೆದ.

ನೀವು ಆಫ್ ಮಾಡಿದ ಸಿನಿಮಾದ ಬೇರು ಅವನ ‘ಇಮೊಮುಶಿ’ ಎಂಬ ಕಥೆಯಲ್ಲಿದೆ. ಇಮೊಮುಶಿ ಅಂದರೆ ಕಂಬಳಿಹುಳು ತರದ, ಕೂದಲಿಲ್ಲದ ಹುಳು. ಕಥೆ 1929ರದ್ದು. ಯುದ್ಧದಿಂದ ಒಬ್ಬ ಸೈನಿಕ ಮನೆಗೆ ಬರುತ್ತಾನೆ. ಎರಡೂ ಕೈ ಇಲ್ಲ, ಎರಡೂ ಕಾಲಿಲ್ಲ. ಮಾತಿಲ್ಲ, ಕಿವಿ ಕೇಳಿಸುವುದಿಲ್ಲ. ಉಳಿದಿರುವುದು ಎರಡು ಕಣ್ಣು. ಹೇಳಬೇಕಾದ್ದನ್ನು ಬಾಯಲ್ಲಿ ಪೆನ್ಸಿಲ್ ಕಚ್ಚಿಕೊಂಡು ಬರೆಯುತ್ತಾನೆ. ಹೆಂಡತಿ ಮಾಡುವ ಸೇವೆಯನ್ನು ಊರು ಹೊಗಳುತ್ತದೆ. ಬಾಗಿಲು ಹಾಕಿದ ಮೇಲೆ ಅವಳೊಳಗೆ ಏನು ಬೆಳೆಯುತ್ತದೆ ಅನ್ನುವುದೇ ಕಥೆ. ಒಂದು ರಾತ್ರಿ ಅವನ ನೋಟ ತಾಳಲಾರದೆ ಅವಳು ಆ ಕಣ್ಣುಗಳನ್ನೂ ಕಳೆದುಬಿಡುತ್ತಾಳೆ. ಆಮೇಲೆ ಅಳುತ್ತಾ ಅವನ ಎದೆಯ ಮೇಲೆ ಬೆರಳಿನಿಂದ ‘ಕ್ಷಮಿಸು’ ಎಂದು ಮತ್ತೆ ಮತ್ತೆ ಬರೆಯುತ್ತಾಳೆ. ಬೇರೆ ದಾರಿ ಎಲ್ಲಿದೆ? ಕಣ್ಣಿಲ್ಲ, ಕಿವಿಯಿಲ್ಲ, ಚರ್ಮ ಒಂದೇ ಉಳಿದಿರುವುದು. ಅವಳು ಎಲ್ಲೋ ಹೋಗಿ ಬರುವಷ್ಟರಲ್ಲಿ ಹಾಸಿಗೆ ಖಾಲಿ. ಪಕ್ಕದ ಕಂಬದ ಮೇಲೆ ಪೆನ್ಸಿಲಿನಲ್ಲಿ ಗೀಚಿದ ಮೂರೇ ಅಕ್ಷರ: ‘ಯು-ರು-ಸು’. ಕ್ಷಮಿಸಿದ್ದೇನೆ ಎಂದು. ಹೊರಗೆ ಹುಲ್ಲಿನಲ್ಲಿ ಏನೋ ತೆವಳುವ ಸದ್ದು. ಆ ಕಡೆ ಹಳೆಯ ಬಾವಿ ಇದೆ.

ನಾನು ಈ ಕಥೆಯನ್ನು ಮೊದಲು ಓದಿದ ದಿನ ಆ ಮೂರು ಅಕ್ಷರದ ಹತ್ತಿರ ನಿಂತುಬಿಟ್ಟೆ. ಅಲ್ಲಿಯತನಕ ಹೇಸಿಗೆ ಆಗುತ್ತಿತ್ತು, ನಿಜ. ಅಲ್ಲಿಂದ ಮುಂದೆ ಅವನು ಮನುಷ್ಯನಾಗಿ ಕಂಡ. ಅಲ್ಲಿತನಕ ಅವನನ್ನು ಹುಳು ಎಂದು ನೋಡಿದವಳು ಹೆಂಡತಿ ಒಬ್ಬಳೇ ಅಲ್ವಲ್ಲ, ಓದುತ್ತಿದ್ದ ನಾನೂ ಹಾಗೇ ನೋಡಿದ್ದೆ.

ಸರ್ಕಾರಕ್ಕೆ ಇದು ಸರಿಬರಲಿಲ್ಲ. ಮೊದಲ ಸಲ ಪತ್ರಿಕೆಯಲ್ಲಿ ಬಂದಾಗಲೇ ಎಷ್ಟೋ ಸಾಲುಗಳನ್ನು ಅಳಿಸಿ ಚುಕ್ಕಿ ಇಟ್ಟು ಅಚ್ಚು ಮಾಡಿದ್ದರು. 1939ರಲ್ಲಿ, ಚೀನಾದಲ್ಲಿ ಯುದ್ಧ ಜೋರಾಗಿದ್ದಾಗ, ಸಂಕಲನದಿಂದ ಈ ಕಥೆಯನ್ನೇ ಪೂರ್ತಿ ತೆಗೆಸಿದರು. ಯುದ್ಧದ ವಿರುದ್ಧ ಬರೆಯಬೇಕು ಎಂದು ತಾನು ಬರೆದದ್ದಲ್ಲ ಎಂದೇ ರಂಪೊ ಹೇಳಿಕೊಂಡಿದ್ದಾನೆ. ಅವನ ಮಾತನ್ನು ನಾನು ನಂಬುತ್ತೇನೆ. ಆದರೆ ಸೈನಿಕರನ್ನು ರೈಲು ಹತ್ತಿಸುತ್ತಿದ್ದ ಸರ್ಕಾರಕ್ಕೆ, ಅವರು ಹೀಗೆ ವಾಪಸ್ಸು ಬರಬಹುದು ಎಂದು ಜನ ಓದುವುದು ಬೇಕಿರಲಿಲ್ಲ.

ಈಗ ಸಿನಿಮಾಕ್ಕೆ ಬರುತ್ತೇನೆ. ವಾಕಮತ್ಸು ಕೋಜಿ ಇದನ್ನು 2010ರಲ್ಲಿ ಮಾಡಿದ. ಕಥೆಯನ್ನು ಹಾಗೇ ಎತ್ತಿಕೊಳ್ಳಲಿಲ್ಲ. ಹೆಸರನ್ನೂ ಬದಲಿಸಿ ಇಂಗ್ಲಿಷ್ ಪದ ಇಟ್ಟ, ಅದಕ್ಕೆ ಯುದ್ಧ ಟ್ಯಾಂಕಿನ ಪಟ್ಟಿ ಎಂಬ ಅರ್ಥವೂ ಇದೆ. ಇಪ್ಪತ್ತು ನಿಮಿಷಕ್ಕೆ ನಿಲ್ಲಿಸಿದಿರಿ ಎಂದು ನನಗೆ ಬೇಜಾರಾದದ್ದು ಯಾಕೆ ಅಂದರೆ, ನೋಡಲೇಬೇಕಾದದ್ದು ಆಮೇಲೆ ಬರುತ್ತದೆ. ಊರಿನವರಿಗೆ ಅವನು ‘ಯುದ್ಧದೇವರು’. ಗೋಡೆಯಲ್ಲಿ ಚಕ್ರವರ್ತಿ ದಂಪತಿಯ ಫೋಟೋ, ಜೊತೆಗೆ ಅವನ ಪದಕಗಳು. ಹೆಂಡತಿ ಅವನಿಗೆ ಸಮವಸ್ತ್ರ ತೊಡಿಸಿ, ಗಾಡಿಯಲ್ಲಿ ಕೂರಿಸಿ ಊರೊಳಗೆ ಎಳೆದುಕೊಂಡು ಹೋಗುತ್ತಾಳೆ. ಜನ ತಲೆಬಾಗುತ್ತಾರೆ. ಅವನಿಗೆ ಅದು ಬೇಡವಾಗುತ್ತದೆ. ಬೇಡ ಅಂದರೂ ಬಿಡದೆ ಅವಳು ಬಟ್ಟೆ ತೊಡಿಸುತ್ತಾಳೆ. ಹಿಂದೆ ತನ್ನನ್ನು ಹೊಡೆಯುತ್ತಿದ್ದ ಗಂಡನನ್ನು ಹೀಗೆ ಹೊರಗೆ ಎಳೆಯುವಾಗಿನ ಆ ಮುಖ ನೋಡಬೇಕು. ಸೇವೆಯೋ ಸೇಡೋ ಹೇಳುವುದಕ್ಕೆ ಆಗುವುದಿಲ್ಲ. ತೆರಜಿಮ ಶಿನೊಬುಗೆ ಆ ಪಾತ್ರಕ್ಕೆ ಅದೇ ವರ್ಷ ಬರ್ಲಿನ್ ಉತ್ಸವದಲ್ಲಿ ಅತ್ಯುತ್ತಮ ನಟಿ ಪ್ರಶಸ್ತಿ ಬಂತು.

ಇನ್ನೂ ಮುಖ್ಯವಾದದ್ದು ಒಂದಿದೆ. ರಂಪೊನ ಕಥೆಯಲ್ಲಿ ಸೈನಿಕ ಕ್ಷಮಿಸುತ್ತಾನೆ. ಸಿನಿಮಾದ ಸೈನಿಕ ಚೀನಾದಲ್ಲಿ ಹೆಂಗಸರ ಮೇಲೆ ಅತ್ಯಾಚಾರ ಮಾಡಿ ಬಂದವನು. ಆ ನೆನಪು ಅವನನ್ನು ರಾತ್ರಿ ಹಗಲು ಬಿಡುವುದಿಲ್ಲ. ಈ ಕೈಗಳು ಹೋದದ್ದು ಆಯಿತು, ಹೋಗುವ ಮೊದಲು ಏನು ಮಾಡಿದ್ದವು ಎಂದು ವಾಕಮತ್ಸು ಕೇಳುತ್ತಾನೆ. ಎಂಬತ್ತು ವರ್ಷ ಹಳೆಯ ಕಥೆಗೆ ಹೀಗೊಂದು ಪ್ರಶ್ನೆ ಸೇರಿಸುವ ಸಿನಿಮಾವನ್ನು ಬರೀ ಹೆದರಿಸುವ ಸಿನಿಮಾ ಅನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಹಾಗಂತ ನಿಮ್ಮ ಸಿಟ್ಟು ಸುಳ್ಳಲ್ಲ. ರಂಪೊ ಹೆಸರಲ್ಲಿ ಸುಮ್ನೆ ಕಣ್ಣಿಗೆ ರಾಚುವ ಹಾಗೆ ಮಾಡಿದ ಸಿನಿಮಾಗಳು ಬೇಕಾದಷ್ಟಿವೆ. 2005ರಲ್ಲಿ ಅವನ ನಾಲ್ಕು ಕಥೆ ಸೇರಿಸಿ ಒಂದು ಚಿತ್ರ ಮಾಡಿದರು, ‘ಇಮೊಮುಶಿ’ಯೂ ಅದರಲ್ಲಿದೆ. ನನಗೆ ಅಲ್ಲಿ ಅಲಂಕಾರ ಜಾಸ್ತಿ, ನೋವು ಕಮ್ಮಿ ಅನ್ನಿಸಿತು. 1969ರಲ್ಲಿ ಮಸುಮುರ ಯಸುಜೊ ಮಾಡಿದ ಕುರುಡು ಶಿಲ್ಪಿಯ ಚಿತ್ರ ಬೇರೆ ಮಾತು. ಗೋದಾಮಿನ ಗೋಡೆ ತುಂಬಾ ದೊಡ್ಡ ದೊಡ್ಡ ಕಣ್ಣು, ಮೂಗು, ತುಟಿ ಕೆತ್ತಿಟ್ಟಿದ್ದಾರೆ. ಮುಟ್ಟಿ ತಿಳಿಯಬೇಕಾದದ್ದನ್ನು ನೋಡಿ ತಿಳಿಯುವ ಹಾಗೆ ಮಾಡಿದ್ದಾನೆ. ಆದರೆ ಅದರ ಕೊನೆಯ ಭಾಗ ನಿಮಗೆ ಆಗುವುದಿಲ್ಲ, ಈಗಲೇ ಹೇಳಿಬಿಡುತ್ತೇನೆ.

ನಿಮಗೆ ಬೇಕಾದ್ದು ಒಗಟು. ಹಾಗಾದರೆ ಯೊಕೊಮಿಜೊ ಸೇಶಿಯ ಕಾದಂಬರಿ ಆಧರಿಸಿದ ‘ಇನುಗಾಮಿ ಮನೆತನ’ ನೋಡಿ. ಇಚಿಕಾವ ಕೊನ್ 1976ರಲ್ಲಿ ಮಾಡಿದ್ದು. 2006ರಲ್ಲಿ ಅವನೇ ಅದನ್ನು ಮತ್ತೆ ಮಾಡಿದ, ಮೂವತ್ತು ವರ್ಷದ ನಂತರವೂ ಪತ್ತೇದಾರ ಕಿಂದೈಚಿಯ ಪಾತ್ರಕ್ಕೆ ಅದೇ ನಟ. ಮೊದಲು ಹಳೆಯದನ್ನೇ ನೋಡಿ. ದೊಡ್ಡ ಮನೆ, ಆಸ್ತಿ, ಉಯಿಲು, ಒಬ್ಬರಾದ ಮೇಲೆ ಒಬ್ಬರ ಕೊಲೆ. ಅಲ್ಲಿಗೂ ಯುದ್ಧದಿಂದ ಒಬ್ಬ ಬರುತ್ತಾನೆ, ಬರ್ಮಾದಿಂದ. ನಮ್ಮ ದೇಶದ ಸೈನಿಕರೂ ಹೋರಾಡಿದ ಅದೇ ಬರ್ಮಾ. ಅವನ ಹೆಸರು ಸುಕೆಕಿಯೊ. ಮುಖ ಸುಟ್ಟುಹೋಗಿದೆ. ಅದರ ಮೇಲೆ ಬಿಳಿ ರಬ್ಬರ್ ಮುಖವಾಡ. ಇವನು ನಿಜವಾಗಿ ಸುಕೆಕಿಯೊ ಹೌದಾ ಎಂದು ಬಂಧುಗಳು ಪಟ್ಟು ಹಿಡಿದಾಗ ಆ ರಬ್ಬರನ್ನು ಗಲ್ಲದಿಂದ ಮೇಲಕ್ಕೆ ಸುರುಳಿ ಸುತ್ತಿದ ಹಾಗೆ ಎತ್ತುತ್ತಾನೆ. ಇಚಿಕಾವ ಅದನ್ನು ಸ್ವಲ್ಪವೇ ತೋರಿಸುತ್ತಾನೆ. ಅಷ್ಟು ಹೊತ್ತೂ ನಮ್ಮನ್ನು ಹೆದರಿಸಿದ್ದು ಆ ಮುಖವಾಡ. ಒಳಗಿನ ಗಾಯ ಕಂಡಾಗ ಅಯ್ಯೋ ಅನ್ನಿಸುತ್ತದೆ.

ಗಮನಿಸಿ, ಇಲ್ಲೂ ಅದೇ ಸೈನಿಕ. ಮನೆಯವರು ಗುರುತು ಹಿಡಿಯಲಾರದ ಹಾಗೆ ವಾಪಸ್ಸು ಬಂದವನು. ನೀವು ಬೇರೆ ಬೇರೆ ಅಂದ ಒಗಟೂ ವಿಕಾರವೂ ಈ ಸಿನಿಮಾದಲ್ಲಿ ಒಂದೇ ಮುಖದ ಮೇಲೆ ಕೂತಿವೆ.

ಇದನ್ನು ಮಗನ ಜೊತೆ ನೋಡಬಹುದು, ರಕ್ತ ಇದೆ ಎಂದು ಮೊದಲೇ ಹೇಳಿಡಿ. ಕೆರೆಯ ನೀರಿನಿಂದ ಎರಡು ಕಾಲು ಮಾತ್ರ ಮೇಲಕ್ಕೆ ಚಾಚಿಕೊಂಡಿರುವ ದೃಶ್ಯ ಬರುತ್ತದೆ. ತಲೆಕೆಳಗಾಗಿ, ಅರ್ಧ ಮುಳುಗಿದ ಹೆಣ. ಅಲ್ಲಿ ನಿಲ್ಲಿಸಿ. ಆ ಮನೆತನಕ್ಕೆ ಮೂರು ಪವಿತ್ರ ವಸ್ತುಗಳಿವೆ: ಯೊಕಿ ಅಂದರೆ ಕೊಡಲಿ, ಕೊತೊ ಅಂದರೆ ತಂತಿವಾದ್ಯ, ಕಿಕು ಅಂದರೆ ಸೇವಂತಿಗೆ. ಕೊಲೆಗಳೂ ಇವನ್ನೇ ಹಿಡಿದು ನಡೆಯುತ್ತವೆ. ಜಪಾನಿ ಕಾನ ಲಿಪಿಯಲ್ಲೂ ನಮ್ಮ ಹಾಗೆ ಅಕ್ಷರಕ್ಕೊಂದು ಉಚ್ಚಾರ. ಹಾಗಾಗಿ ಮಗನ ಕೈಗೆ ಒಂದು ಹಾಳೆ ಕೊಡಿ. ‘ಸುಕೆಕಿಯೊ’ ಎಂದು ಕನ್ನಡದಲ್ಲೇ ಬರೆಯಲಿ. ಹೆಣದ ಹಾಗೆ ಹೆಸರನ್ನೂ ತಲೆಕೆಳಗು ಮಾಡಿ, ಹಿಂದಿನಿಂದ ಓದಲಿ. ಆಮೇಲೆ ಅರ್ಧವನ್ನು ಕೈಯಲ್ಲಿ ಮುಚ್ಚಲಿ.