ಶೆಟ್ಲಿ (ಸೀಗಡಿ) ಅಲರ್ಜಿ ಇದ್ದವರು ಕಾರವಾರದಲ್ಲಿ ಊಟಕ್ಕೆ ಏನು ಮಾಡಬೇಕು?

ನಿಮ್ಮ ಪ್ರಶ್ನೆ ಇದು: ಶಿರಸಿಯಿಂದ ಕಾರವಾರಕ್ಕೆ ಕೆಲಸಕ್ಕೆ ಬಂದಿದ್ದೀರಿ, ಎರಡು ಸಲ ಶೆಟ್ಲಿ ತಿಂದು ತುಟಿ ಊದಿ ಮೈತುಂಬ ಗಂದೆ ಎದ್ದಿದೆ, ಊಟ ಖಾನಾವಳಿಯಲ್ಲೇ. ಬಂಗಡೆಯನ್ನಾದರೂ ತಿನ್ನಬಹುದೇ?

ತಿನ್ನಬಹುದಾದ ಸಾಧ್ಯತೆಯೇ ಹೆಚ್ಚು, ಆದರೆ ಪರೀಕ್ಷೆ ಆದ ಮೇಲೆ. ಶೆಟ್ಲಿ, ಏಡಿಗಳಲ್ಲಿ ಮುಖ್ಯವಾಗಿ ತೊಂದರೆ ಕೊಡುವ ಪ್ರೋಟೀನ್ ಟ್ರೋಪೋಮಯೋಸಿನ್. ಬಂಗಡೆ, ಇಸ್ವಾಣದಂಥ ಮೀನುಗಳಲ್ಲಿ ಪಾರ್ವಾಲ್ಬುಮಿನ್. ಎರಡಕ್ಕೂ ಸಂಬಂಧವಿಲ್ಲ. ಶೆಟ್ಲಿಯ ಜೊತೆ ಏಡಿಯನ್ನೂ ಈಗಲೇ ಬಿಟ್ಟುಬಿಡಿ. ಬಳಚು ಎಂಬ ಚಿಪ್ಪುಜೀವಿ, ಬೊಂಡಾಸ ಅಂದರೆ ಸ್ಕ್ವಿಡ್, ಇವುಗಳಲ್ಲೂ ಟ್ರೋಪೋಮಯೋಸಿನ್ ಇದೆ, ಕೆಲವರಿಗೆ ಅವೂ ಆಗುವುದಿಲ್ಲ. ಅಲರ್ಜಿ ವೈದ್ಯರಲ್ಲಿ ಚರ್ಮದ ಪರೀಕ್ಷೆ ಅಥವಾ ರಕ್ತದ ಐಜಿಇ (ಅಲರ್ಜಿಗೆ ಕಾರಣವಾಗುವ ಪ್ರತಿಕಾಯ) ಪರೀಕ್ಷೆ ಮಾಡಿಸಿ. ಸೆಟ್ರಿಜಿನ್‌ನಂಥ ಅಲರ್ಜಿ ಮಾತ್ರೆಯನ್ನು ಚರ್ಮದ ಪರೀಕ್ಷೆಗೆ ಒಂದು ವಾರ ಮೊದಲೇ ನಿಲ್ಲಿಸಬೇಕು, ಇಲ್ಲದಿದ್ದರೆ ಫಲಿತಾಂಶ ತಪ್ಪು ಬರುತ್ತದೆ. 'ಸ್ವಲ್ಪ ತಿಂದು ನೋಡೋಣ' ಅನ್ನುವ ಪ್ರಯೋಗ ಮನೆಯಲ್ಲಿ ಬೇಡವೇ ಬೇಡ.

ಬಂಗಡೆ ತಿಂದಾಗಲೂ ಮುಖ ಕೆಂಪೇರಿ ತುರಿಸಿದರೆ ಅದೂ ಅಲರ್ಜಿಯೇ ಎಂದು ತೀರ್ಮಾನಿಸಬೇಡಿ. ಐಸ್ ಇಲ್ಲದೆ ಬಿಸಿಲಲ್ಲಿ ಉಳಿದ ಬಂಗಡೆಯಲ್ಲಿ ಅಲರ್ಜಿಯಂಥದೇ ತುರಿಕೆ ತರಿಸುವ ಹಿಸ್ಟಮಿನ್ ಎಂಬ ರಾಸಾಯನಿಕ ಕೂಡಿಕೊಳ್ಳುತ್ತದೆ, ಕುದಿಸಿದರೂ ಹೋಗುವುದಿಲ್ಲ. ಜೊತೆಗೆ ಉಂಡ ಬೇರೆಯವರಿಗೂ ಹಾಗೇ ಆಗಿದ್ದರೆ ಅನುಮಾನ ಹಾಗೆ ಕೆಟ್ಟ ಮೀನಿನ ಮೇಲೆ.

ಖಾನಾವಳಿಯಲ್ಲಿ ನನ್ನ ಮೊದಲ ಹೆದರಿಕೆ ಕಾವಲಿಯದು. ಒಂದೇ ಕಾವಲಿ, ಒಂದೇ ಎಣ್ಣೆ, ಒಂದೇ ಸಟ್ಟುಗ: ಈಗ ಶೆಟ್ಲಿ ರವಾ ಫ್ರೈ, ಮರುಕ್ಷಣ ನಿಮ್ಮ ಬಂಗಡೆ. ಶೆಟ್ಲಿಯಿಂದ ಉದುರಿ ಕರಕಲಾದ ರವೆ ಬಂಗಡೆಯ ಬೆನ್ನಿಗೆ ಅಂಟಿಕೊಂಡೇ ತಟ್ಟೆಗೆ ಬರುತ್ತದೆ. ಟ್ರೋಪೋಮಯೋಸಿನ್ ಕಾಯಿಸಿದರೂ ಕರಿದರೂ ಹಾಳಾಗದು. ಹಾಗಾಗಿ ಹೊರಗೆ ಫ್ರೈ ಬಿಡಿ. ಬೇರೆ ಪಾತ್ರೆಯಲ್ಲಿ ಮಾಡಿದ ಮೀನು ಸಾರು, ಅದೂ ಸೌಟು ಬೇರೆ ಇದ್ದರೆ ಮಾತ್ರ. ಒಣ ಶೆಟ್ಲಿ ಇನ್ನೂ ಕಳ್ಳ. ಕಾಯಿತುರಿಯ ಜೊತೆ ಕಲಸಿದ ಕಿಸ್ಮೂರು ಊಟದ ತಟ್ಟೆಯ ಮೂಲೆಯಲ್ಲಿ ಕೇಳದೆಯೇ ಬಂದಿರುತ್ತದೆ, ತರಕಾರಿ ಪಲ್ಯದಲ್ಲೂ ಸಣ್ಣದು ಸೇರಿರಬಹುದು. ಒಣ ಶೆಟ್ಲಿ ಹುರಿಯುವಾಗಿನ ಹೊಗೆ, ಸಿಪ್ಪೆ ಸಮೇತ ಬೇಯಿಸುವಾಗಿನ ಹಬೆ ಕೆಲವರಿಗೆ ದಮ್ಮು ತರಿಸುತ್ತದೆ. ರೂಮಿನವರು ಅಡುಗೆ ಮಾಡುವಾಗ ನೀವು ಹೊರಗಿರಿ.

ಹೇಳುವಾಗ 'ಅಲರ್ಜಿ' ಎಂದಷ್ಟೇ ಹೇಳಿದರೆ 'ನಂಜು ಇರಬೇಕು' ಅಂದುಕೊಳ್ಳುತ್ತಾರೆ. 'ಶೆಟ್ಲಿ, ಏಡಿ ಸೋಕಿದರೂ ನನಗೆ ಉಸಿರು ಕಟ್ಟುತ್ತದೆ, ಆಸ್ಪತ್ರೆಗೆ ಹೋಗಬೇಕಾಗುತ್ತದೆ' ಎನ್ನಿ. ಕೊಂಕಣಿ ಮಾತಾಡುವವರಿಗೆ ಸುಂಗಟ, ಕುರ್ಲಿ ಎಂದೇ ಹೇಳಿ.

ಇನ್ನು ಔಷಧಿ. ಬರೀ ಗಂದೆಯಾದರೆ ಸೆಟ್ರಿಜಿನ್ 10 ಮಿಲಿಗ್ರಾಂ ಸಾಕಾಗಬಹುದು. ಗಂಟಲು ಬಿಗಿತ, ಧ್ವನಿ ಒಡೆಯುವುದು, ದಮ್ಮು, ತಲೆಸುತ್ತು, ಗಂದೆಯ ಜೊತೆ ಮತ್ತೆ ಮತ್ತೆ ವಾಂತಿ: ಇವುಗಳಲ್ಲಿ ಒಂದು ಕಂಡರೂ ಬೇಕಾದ್ದು ಅಡ್ರಿನಾಲಿನ್ ಇಂಜೆಕ್ಷನ್, ಮಾತ್ರೆಯಲ್ಲ. ನಮ್ಮಲ್ಲಿ ಪಿತ್ತದ ಗಂದೆ ಎಂದು ಮುರುಗಲು (ಕೋಕಂ) ರಸ ಹಚ್ಚಿ ಕಾಯುತ್ತಾರೆ; ತುರಿಕೆಗೆ ಹಚ್ಚಿಕೊಳ್ಳಿ, ಉಸಿರಿನ ತೊಂದರೆ ಇದ್ದಾಗ ಆ ಹತ್ತು ನಿಮಿಷ ಕಳೆಯಬೇಡಿ. ಅಡ್ರಿನಾಲಿನ್ ದೊಡ್ಡವರಿಗೆ 1 ಮಿಲಿಗೆ 1 ಮಿಲಿಗ್ರಾಂ ಇರುವ ಆಂಪೂಲಿನಿಂದ (ಒಡೆದು ತೆರೆಯುವ ಸಣ್ಣ ಗಾಜಿನ ಶೀಸೆ) 0.5 ಮಿಲಿ, ತೊಡೆಯ ಹೊರಭಾಗದ ನಡುವಿನ ಸ್ನಾಯುವಿಗೆ. ಮಕ್ಕಳಿಗೆ ತೂಕದ ಲೆಕ್ಕ. ಇನ್ಸುಲಿನ್ ಸಿರಿಂಜ್ ಬೇಡ, ಅದರ ಗಿಡ್ಡ ಸೂಜಿ ಸ್ನಾಯುವಿಗೆ ಮುಟ್ಟುವುದಿಲ್ಲ. ವೈದ್ಯರಿಂದ ಚೀಟಿ ಬರೆಸಿಕೊಂಡು, ಅವರ ಎದುರಿಗೇ ಆಂಪೂಲ್ ಒಡೆದು ಔಷಧಿ ಎಳೆಯುವುದನ್ನು ಕಲಿಯಿರಿ. ಗಾಬರಿಯಲ್ಲಿ ಮೊದಲ ಸಲ ಮಾಡಿದರೆ ಗಾಜು ಕೈಗೆ ಚುಚ್ಚುತ್ತದೆ. ಜೊತೆಗಿರುವ ಒಬ್ಬರಿಗೂ ಕಲಿಸಿ. ಬೈಕಿನ ಡಿಕ್ಕಿಯಲ್ಲಿ ಇಡಬೇಡಿ, ಬಣ್ಣ ಕಂದಾದರೆ ಎಸೆಯಿರಿ.

ಇಂಜೆಕ್ಷನ್ ಕೊಟ್ಟ ಕೂಡಲೇ 108ಕ್ಕೆ ಫೋನ್ ಮಾಡಿ, ಕಾಲು ಎತ್ತರಿಸಿ ಮಲಗಿಸಿ. ದಮ್ಮು ಇದ್ದರೆ ಕೂರಲಿ, ಆದರೆ ಎದ್ದು ನಡೆಯಬಾರದು. ಐದು ನಿಮಿಷದಲ್ಲಿ ಸುಧಾರಿಸದಿದ್ದರೆ ಎರಡನೇ ಡೋಸ್. ಆರಾಮಾದರೂ ಆಸ್ಪತ್ರೆಯಲ್ಲಿ ಕೆಲವು ಗಂಟೆ ಇರಬೇಕು, ಏಕೆಂದರೆ ಕೆಲವರಿಗೆ ತಿರುಗಿ ಬರುತ್ತದೆ. ಊರಿಗೆ ಹೋಗುವಾಗ ಎರಡು ಆಂಪೂಲ್, ಎರಡು ಸಿರಿಂಜ್ ಜೊತೆಗಿರಲಿ. ಶಿರಸಿ ದಾರಿಯ ದೇವಿಮನೆ ಘಟ್ಟದ ನಡುವೆ ಹೆಚ್ಚಾದರೆ ಎರಡೂ ಕಡೆಯ ಆಸ್ಪತ್ರೆ ದೂರ.